ಮೂರು ಊರಿನ ಮಣ್ಣು ತಂದು ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ

ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮೊಮ್ಮಗಳು ಶಾಲೆಗೆ ಎರಡು ದಿನ ಚಕ್ಕರ್ ಹೊಡೆದು ಕುಮಟಾದಿಂದ ಧಾರವಾಡಕ್ಕೆ ಬಂದಿದ್ದಳು. ಕೊಂಡು ತಂದ ಎತ್ತು ಬೇಡ, ನಾನೇ ಮಾಡುತ್ತೇನೆ ಎಂದು ಹಟ. ನಮ್ಮ ಹಿತ್ತಲಿನ ಕೆಂಪು ಮಣ್ಣು, ಅಂದರೆ ಮಸಾರಿ, ಅದನ್ನೇ ಕಲಸಿದಳು. ಹೊಟ್ಟೆ ಬೆನ್ನು ಏನೋ ಆಯಿತು. ಕಾಲು ಹಚ್ಚಿದರೆ ಉದುರುತ್ತಿತ್ತು. ಕೊಂಬು ಮಾಡಲು ಹೋದರೆ ಬೆರಳಲ್ಲೇ ಪುಡಿ.

ನಮ್ಮ ಬೀಗರು ಬಸವನ ಬಾಗೇವಾಡಿ ಕಡೆಯವರು. ಅವರು ಜೋಳದ ಚೀಲದ ಜೊತೆ ಹೊಲದ ಎರಿ ಮಣ್ಣನ್ನೂ ಒಂದು ಡಬ್ಬಿ ತುಂಬ ಕಳಿಸಿದ್ದರು. ಆ ಕರಿ ಮಣ್ಣಿನಲ್ಲಿ ಎತ್ತು ಹತ್ತೇ ನಿಮಿಷಕ್ಕೆ ಎದ್ದು ನಿಂತಿತು. ಕೊಂಬು ಸೂಜಿಯ ಹಾಗೆ ಚೂಪು. ಪೂಜೆ ಆಯಿತು, ಹೋಳಿಗೆ ಆಯಿತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಎತ್ತಿನ ಹೊಟ್ಟೆ ಉದ್ದಕ್ಕೆ ಸೀಳಿತ್ತು.

"ಅಜ್ಜಾ, ಕೆಂಪು ಮಣ್ಣಿಗೆ ಕಾಲು ನಿಲ್ಲಲಿಲ್ಲ. ಕರಿ ಮಣ್ಣಿಗೆ ಹೊಟ್ಟೆ ಒಡೀತು. ಯಾಕ?"

ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಮಣ್ಣಿನ ಪಾಠ ಬಂದಾಗ ಕಪ್ಪು ಮಣ್ಣು, ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು ಎಂದು ಬೋರ್ಡಿನ ಮೇಲೆ ಬರೆಸಿ ಮುಗಿಸುತ್ತಿದ್ದೆ. ಇಂಥ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ಕೇಳುವ ಹಾಗೆ ನಾನು ಪಾಠ ಮಾಡಿರಲೂ ಇಲ್ಲ ಬಿಡಿ. ಆಮೇಲೆ ನಾವಿಬ್ಬರೂ ಸೇರಿ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರಯೋಗಶಾಲೆ ಬೇಡ. ನಾಲ್ಕು ಉಪ್ಪಿನಕಾಯಿ ಸೀಸೆ, ಒಂದು ಸ್ಕೇಲು, ದಾಸವಾಳದ ಹೂ, ಹಳೇ ಬನಿಯನ್ನು ಸಾಕು.

ಮೊದಲು ಮಣ್ಣು ತನ್ನಿ, ಒಂದಲ್ಲ

ಬಹಳ ಜನ ತಪ್ಪುವುದು ಇಲ್ಲೇ. ಒಂದೇ ಮಣ್ಣು ತಂದು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. "ನೀರು ಕೆಂಪಾಯಿತು" ಅನ್ನಬಹುದು, ಅಷ್ಟೇ. ಪಕ್ಕದಲ್ಲಿ ಇನ್ನೊಂದು ಊರಿನ ಮಣ್ಣಿದ್ದರೆ ಮಕ್ಕಳು ತಾವಾಗಿಯೇ ಬಾಯಿ ಬಿಡುತ್ತಾರೆ. ಬಸ್ಸಿನಲ್ಲಿ ಬರುವ ನೆಂಟರಿಗೆ ಹೇಳಿ, ಒಂದು ಬಿಸ್ಕತ್ತಿನ ಡಬ್ಬಿಯಷ್ಟು ತಂದರೆ ಸಾಕು.

ನಮ್ಮ ಹತ್ತಿರ ಮೂರು ಸೇರಿದವು. ಬಾಗೇವಾಡಿಯ ಎರಿ, ಧಾರವಾಡದ ಮಸಾರಿ, ಮಗಳ ಮನೆ ಇರುವ ಕುಮಟಾದ ಚಿರೆಕಲ್ಲಿನ ಮಣ್ಣು. ಮೂರರ ಜಾತಕವೂ ಬೇರೆ. ಬಾಗೇವಾಡಿಯ ಮಣ್ಣಿನ ತಾಯಿಬಂಡೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಪದರ ಪದರವಾಗಿ ಹರಿದ ಲಾವಾ ಅದು. ಧಾರವಾಡದ ಬಂಡೆ ಅದಕ್ಕಿಂತ ಎಷ್ಟೋ ಹಳೆಯದು, 250 ಕೋಟಿ ವರ್ಷಕ್ಕೂ ಮಿಕ್ಕಿದ್ದು. ಅಂಥ ಬಂಡೆಗಳ ಗುಂಪಿಗೆ ಭೂವಿಜ್ಞಾನದಲ್ಲಿ ನಮ್ಮ ಊರಿನದೇ ಹೆಸರಿದೆ. 19ನೇ ಶತಮಾನದ ಕೊನೆಗೆ ರಾಬರ್ಟ್ ಬ್ರೂಸ್ ಫೂಟ್ ಇಟ್ಟದ್ದು. ಕುಮಟಾದ ಕಥೆ ಮಳೆಯದು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ನೀರು ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಬಿಟ್ಟಿದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇಂಥ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದು ಅರ್ಥ. ಕೇರಳದ ಅಂಗಡಿಪುರಂನಲ್ಲಿ ಜನ ಅದನ್ನು ಮೆತ್ತಗಿದ್ದಾಗಲೇ ಕಡಿದು, ಗಾಳಿಗಿಟ್ಟು ಗಟ್ಟಿಯಾದ ಮೇಲೆ ಮನೆ ಕಟ್ಟುವುದನ್ನು ಅವನು ನೋಡಿದ್ದ. ನನ್ನ ಮಗಳ ಮನೆಯ ಗೋಡೆಯೂ ಅಂಥದ್ದೇ.

ತೆಗೆಯುವ ಕ್ರಮ ಹೀಗೆ. ಮೇಲಿನ ಕಸ ಸರಿಸಿ, ಒಂದು ಗೇಣು ಆಳಕ್ಕೆ ಅಗೆದು, ಅಲ್ಲಿಂದ ತೆಗೆಯಿರಿ. ರಸ್ತೆ ಬದಿಯದು, ಮನೆ ಕಟ್ಟಿದ ಜಾಗದ ಹತ್ತಿರದ್ದು ಬೇಡ, ಸಿಮೆಂಟ್ ಬೆರೆತಿರುತ್ತದೆ. ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ಬೇರು ಕಲ್ಲು ಆರಿಸಿ, ಹಳೇ ಜರಡಿ ಹಿಡಿಯಿರಿ. ಅಡುಗೆಮನೆಯ ಹಿಟ್ಟಿನ ಜರಡಿ ಮುಟ್ಟಬೇಡಿ. ನಾನು ಮುಟ್ಟಿ ಅನುಭವಿಸಿದ್ದೇನೆ.

ಒಣ ಮಣ್ಣು ಕೈಲಿರುವಾಗಲೇ ಒಂದು ಸಣ್ಣ ಆಟ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಣ್ಣಿನಲ್ಲಿ ಎಳೆದಾಡಿ. ಕರಿ ಹರಳು ಕೂದಲಿನ ಹಾಗೆ ಅಂಟಿಕೊಳ್ಳುತ್ತವೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಕವರು ಬಿಚ್ಚಿದರೆ ಉದುರಿ ಬೀಳುತ್ತವೆ. ಕವರಿಲ್ಲದೆ ಮಾಡಿದರೆ ಆ ಅಯಸ್ಕಾಂತ ಜನ್ಮದಲ್ಲಿ ಸ್ವಚ್ಛ ಆಗುವುದಿಲ್ಲ.

ಸೀಸೆಯ ಪರೀಕ್ಷೆ

ಇದೇ ಮುಖ್ಯವಾದದ್ದು, ಸಮಾಧಾನವಾಗಿ ಮಾಡಿ.

ತಳ ಚಪ್ಪಟೆ ಇರುವ ಗಾಜಿನ ಸೀಸೆ ತೆಗೆದುಕೊಳ್ಳಿ. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜರಡಿ ಹಿಡಿದ ಮಣ್ಣು ಹಾಕಿ. ತಳದಿಂದ 12 ಸೆಂಟಿಮೀಟರ್ ಬರುವ ಹಾಗೆ ನೀರು ತುಂಬಿ. ಬಟ್ಟೆ ಒಗೆಯುವ ಸೋಡಾ ಒಂದು ಚಮಚ ಹಾಕಿ. ಮುಚ್ಚಳ ಬಿಗಿದು ಐದು ನಿಮಿಷ ಅಲ್ಲಾಡಿಸಿ. ಕೈ ನೋಯಬೇಕು, ಅಷ್ಟು. ಆಮೇಲೆ ಅಲುಗಾಡದ ಕಡೆ ಇಟ್ಟು ಗಡಿಯಾರ ನೋಡಿ.

ಒಂದು ನಿಮಿಷಕ್ಕೆ ತಳದಲ್ಲಿ ಎಷ್ಟು ಕೂತಿದೆಯೋ ಅಲ್ಲಿಗೆ ಮಾರ್ಕರಿನಲ್ಲಿ ಗೆರೆ. ಅದು ಉಸುಕು, ಅಂದರೆ ಮರಳು. ಎರಡನೇ ಗೆರೆ ಎಂಟು ಗಂಟೆಗೆ. ಅದು ಹೂಳು, ಕೆರೆಯಿಂದ ಎತ್ತುತ್ತಾರಲ್ಲ, ಆ ನಯವಾದ ಪುಡಿ. ಎಂಟು ಗಂಟೆ ಆದ ಮೇಲೂ ನೀರಿನಲ್ಲಿ ತೇಲುತ್ತಿರುವುದು ಜೇಡಿ. ಅದು ಕೂರಲು ಮೂರ್ನಾಲ್ಕು ದಿನ ಬೇಕು. ಕೂತ ಮೇಲೆ ಮೂರನೇ ಗೆರೆ. ಹೂಳಿಗೆ ಎರಡೇ ಗಂಟೆ ಸಾಕು ಎಂದು ಕೆಲವರು ಹೇಳುತ್ತಾರೆ. ಸಾಲದು. ತೀರಾ ನಯವಾದ ಹೂಳು ಅಷ್ಟರಲ್ಲಿ ಇಳಿದಿರುವುದಿಲ್ಲ, ಅದೆಲ್ಲ ಜೇಡಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಅಲ್ಲಾಡಿಸಿಟ್ಟು, ಬೆಳಿಗ್ಗೆ ಐದಕ್ಕೆ ಎದ್ದು ಗೆರೆ ಹಾಕಿ.

ಈ ಹೊತ್ತುಗಳು ಎಲ್ಲಿಂದ ಬಂದವು? ಕಾಳು ಸಣ್ಣದಾದಷ್ಟೂ ನೀರಿನಲ್ಲಿ ನಿಧಾನಕ್ಕೆ ಬೀಳುತ್ತದೆ. ಆದರೆ ಲೆಕ್ಕ ನೇರ ಅಲ್ಲ. ಗಾತ್ರ ಅರ್ಧ ಆದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಗಾತ್ರ ಹತ್ತನೇ ಒಂದು ಆದರೆ ವೇಗ ನೂರನೇ ಒಂದು. ಇದು ಜಾರ್ಜ್ ಸ್ಟೋಕ್ಸ್ ಕಂಡುಕೊಂಡ ನಿಯಮ. ಉಸುಕಿನ ಕಾಳು 0.05 ಮಿಲಿಮೀಟರಿಗಿಂತ ದೊಡ್ಡದು. ಜೇಡಿಯ ಕಣ 0.002ಕ್ಕಿಂತ ಸಣ್ಣದು. 10 ಸೆಂಟಿಮೀಟರ್ ಇಳಿಯಲು ಅತಿ ಸಣ್ಣ ಉಸುಕಿಗೆ ಮುಕ್ಕಾಲು ನಿಮಿಷ ಸಾಕು, ಅತಿ ಸಣ್ಣ ಹೂಳಿಗೆ ಎಂಟು ಗಂಟೆ ಬೇಕು. ಹೈಸ್ಕೂಲಿನ ಮಕ್ಕಳಾದರೆ ಈ ಲೆಕ್ಕ ಅವರಿಂದಲೇ ಮಾಡಿಸಿ.

ನಮ್ಮ ಸೀಸೆಗಳ ಲೆಕ್ಕ ಹೀಗಿತ್ತು. ಮಸಾರಿ ಒಟ್ಟು 40 ಮಿಲಿಮೀಟರ್ ಕೂತಿತು. ಅದರಲ್ಲಿ ಉಸುಕು 22, ಹೂಳು 8, ಜೇಡಿ 10. ಎರಿ ಒಟ್ಟು 52. ಉಸುಕು ಬರೀ 9, ಹೂಳು 14, ಜೇಡಿ 29. ಅಂದರೆ ಮಸಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಸುಕು, ಎರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿ. ಜೇಡಿ ನೀರು ಕುಡಿದು ಉಬ್ಬುವುದರಿಂದ ಅದರ ಗೆರೆ ಸ್ವಲ್ಪ ಮೇಲೇ ಬರುತ್ತದೆ, ಇದು ಅಂದಾಜು ಎಂದು ಮಕ್ಕಳಿಗೆ ಹೇಳಿ. ಜೇಡಿಯ ಕಣ ಗುಂಡಗಿಲ್ಲ, ಹಪ್ಪಳದ ಹಾಗೆ ಚಪ್ಪಟೆ. ಎರಡು ಹಪ್ಪಳದ ನಡುವೆ ತೆಳ್ಳಗೆ ನೀರು ಸೇರಿದರೆ ಜಾರುತ್ತವೆ, ಆದರೆ ಬಿಡುವುದಿಲ್ಲ. ಎರಿ ಎತ್ತಿನ ಕೊಂಬು ನಿಂತದ್ದು ಅದಕ್ಕೇ. ಉಸುಕಿನ ಕಾಳು ಕಾಳಿಗೆ ಹಿಡಿತವಿಲ್ಲ, ಮಸಾರಿ ಎತ್ತು ಕುಂಟಾಯಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಸೋಡಾ ಹಾಕಿರಲಿಲ್ಲ, ಬೋರಿನ ಗಡಸು ನೀರು ತುಂಬಿದ್ದೆ. ಬೆಳಿಗ್ಗೆ ಏಳುವಷ್ಟರಲ್ಲಿ ಎರಿಯ ನೀರು ತಿಳಿಯಾಗಿತ್ತು. ಎರಿಯಲ್ಲಿ ಜೇಡಿಯೇ ಇಲ್ಲ ಎಂದು ನಂಬುವುದೊಂದು ಬಾಕಿ! ಮಳೆನೀರು ಹಾಕಿದ ಇನ್ನೊಂದು ಸೀಸೆ ಮೂರು ದಿನ ಸಾರಿನ ಹಾಗೆ ಮಬ್ಬಾಗೇ ಇತ್ತು. ಆಗ ಹೊಳೆಯಿತು. ಜೇಡಿಯ ಕಣಗಳಿಗೆ ಋಣ ವಿದ್ಯುದಂಶ ಇರುತ್ತದೆ, ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ ನಡುವೆ ಬಂದು ಅವನ್ನು ಗಂಟು ಕಟ್ಟಿಸುತ್ತದೆ, ಗಂಟು ಭಾರ, ಬೇಗ ಇಳಿಯುತ್ತದೆ. ಸೋಡಾದ ಸೋಡಿಯಂ ಗಂಟು ಬಿಡಿಸುತ್ತದೆ. ರಾಡಿ ನೀರಿಗೆ ಪಟಿಕ ಆಡಿಸಿ ತಿಳಿ ಮಾಡುವುದೂ ಗಂಟು ಕಟ್ಟಿಸುವ ಉಪಾಯವೇ. ಸಲೂನಿನಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಅದೇ ಪಟಿಕ. ಕುಮಟಾದ ಹತ್ತಿರ ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ ಅಷ್ಟೊಂದು ಕೆಸರು ಕೂರುವುದಕ್ಕೂ ಇದೊಂದು ಕಾರಣ. ಸಿಹಿನೀರಿನಲ್ಲಿ ತೇಲಿ ಬಂದ ಜೇಡಿ ಉಪ್ಪುನೀರು ಸಿಕ್ಕ ಕೂಡಲೇ ಗಂಟು ಕಟ್ಟುತ್ತದೆ. ಮೊಮ್ಮಗಳು ದಿನಾ ನೋಡುವ ಕೆಸರು ಅದು. ಅವಳಿಗೆ ಪಾಠ ಹತ್ತಿದ್ದು ಅಲ್ಲಿ, ನನ್ನ ಸೀಸೆಯಲ್ಲಿ ಅಲ್ಲ.

ಹೊಟ್ಟೆ ಒಡೆದ ಎತ್ತಿಗೆ

ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿಸಿ. ದೋಣಿಯ ಹಾಗೆ ಆಗುತ್ತದೆ. ಒಳಗೆ ಎಣ್ಣೆ ಸವರಿ, ಚಪಾತಿ ಹಿಟ್ಟಿನ ಹದಕ್ಕೆ ಕಲಸಿದ ಮಣ್ಣನ್ನು ಸರಿಯಾಗಿ 10 ಸೆಂಟಿಮೀಟರ್ ಉದ್ದಕ್ಕೆ ತುಂಬಿ. ಎರಡು ದಿನ ನೆರಳು, ಮೂರು ದಿನ ಬಿಸಿಲು. ಆಮೇಲೆ ಸ್ಕೇಲಿನಲ್ಲಿ ಅಳೆಯಿರಿ. ನಮ್ಮ ಮಸಾರಿ 9.6ಕ್ಕೆ ನಿಂತಿತು. ಎರಿ 8.5ಕ್ಕೆ ಇಳಿದು ನಡುವೆ ಎರಡು ತುಂಡಾಯಿತು. ತುಂಡು ಜೋಡಿಸಿ ಅಳೆದೆವು.

ಎರಿಯಲ್ಲಿರುವ ಜೇಡಿ ಬೇರೆ ಜಾತಿಯದು. ಅದರ ಪದರಗಳ ಒಳಗೇ ನೀರು ನುಗ್ಗುತ್ತದೆ, ಹೊರಗೆ ಬರುತ್ತದೆ. ನೀರು ಹೋದಾಗ ಇಡೀ ಮಣ್ಣು ಕುಗ್ಗುತ್ತದೆ. ಎತ್ತಿನ ಮೈ ಮೊದಲು ಹೊರಗೆ ಒಣಗಿತು, ಒಳಗೆ ಇನ್ನೂ ಹಸಿ ಇತ್ತು. ಹೊರಗಿನದು ಕುಗ್ಗಲು ಹೋದರೆ ಒಳಗಿನದು ಬಿಡಲಿಲ್ಲ, ಸೀಳಿತು. ಬೇಸಿಗೆಯಲ್ಲಿ ಎರಿ ಹೊಲ ಕಾಲು ಸಿಕ್ಕುವಷ್ಟು ಬಿರಿಯುವುದು ಹೀಗೆ. ಆ ಕಡೆಯ ಮನೆಗಳ ಗೋಡೆ ಬಿರುಕು ಬಿಡುವುದರ ಹಿಂದೆಯೂ ಈ ಉಬ್ಬು-ಕುಗ್ಗು ಇರುತ್ತದೆ. ಎತ್ತಿಗೆ ಮದ್ದು ಬೇಕಾದರೆ ಎರಿಗೆ ಮೂರನೇ ಒಂದು ಪಾಲು ಮಸಾರಿ ಬೆರೆಸಿ, ತೆಳ್ಳಗೆ ಮಾಡಿ, ನೆರಳಲ್ಲಿ ಒಣಗಿಸಿ. ಈ ವರ್ಷ ನಮ್ಮ ಎತ್ತು ಪಂಚಮಿಯವರೆಗೂ ಗಟ್ಟಿಯಾಗಿತ್ತು.

ಹುಳಿಯೋ, ಸುಣ್ಣವೋ

ಆರತಿ ನೀರು ಗೊತ್ತಲ್ವಾ? ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅದು ರಸಾಯನಶಾಸ್ತ್ರದ ಸೂಚಕ, ನಮ್ಮ ಅಜ್ಜಿಯರಿಗೆ ಹೆಸರು ಗೊತ್ತಿರಲಿಲ್ಲ ಅಷ್ಟೇ. ಆದರೆ ಮಣ್ಣಿಗೆ ಅರಿಶಿನ ಅಷ್ಟು ಸೂಕ್ಷ್ಮ ಅಲ್ಲ. ಚೌಳು ಮಣ್ಣಾದರೆ ಮಾತ್ರ ಕೆಂಪಾದೀತು. ಹಿಂದೆ ಚೌಳು ಮಣ್ಣಿನಲ್ಲೇ ಬಟ್ಟೆ ಒಗೆಯುತ್ತಿದ್ದರು, ಅದರಲ್ಲಿ ಸೋಡಾ ಇರುತ್ತದೆ.

ಉಳಿದ ಮಣ್ಣಿಗೆ ಕೆಂಪು ದಾಸವಾಳ ವಾಸಿ. ಐದು ಹೂವಿನ ಎಸಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಬಿಳಿ ತಟ್ಟೆಯಲ್ಲಿ ಮೊದಲು ಮೂರು ಹನಿ ಗುಂಪು ಮಾಡಿ. ಒಂದಕ್ಕೆ ನಿಂಬೆರಸ, ಒಂದಕ್ಕೆ ಫಿಲ್ಟರ್ ನೀರು, ಒಂದಕ್ಕೆ ಎಲೆಅಡಿಕೆ ಸುಣ್ಣದ ತಿಳಿ. ಗುಲಾಬಿ, ಮಾಸಲು ನೇರಳೆ, ಹಸಿರು ಬರುತ್ತದೆ. ಇದು ನಿಮ್ಮ ಅಳತೆಪಟ್ಟಿ. ಆಮೇಲೆ ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ಫಿಲ್ಟರ್ ನೀರು ಕಲಸಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಹೂವಿನ ನೀರಿಗೆ ಹಾಕಿ ನೋಡಿ. ಇಲ್ಲಿ ಸೋಡಾ, ಬೋರಿನ ನೀರು ಎರಡೂ ಕೂಡದು. ಬಣ್ಣದ ವ್ಯತ್ಯಾಸ ಸಣ್ಣದು, ಹಗಲು ಬೆಳಕಿನಲ್ಲೇ ನೋಡಬೇಕು. ನಮ್ಮ ಎರಿ ಹಸಿರಿನ ಕಡೆ ವಾಲಿತು, ಕುಮಟಾ ಮಣ್ಣು ಗುಲಾಬಿಯ ಕಡೆ. ಸುಣ್ಣದ ತಿಳಿ ಕಣ್ಣಿಗೆ ಸಿಡಿದರೆ ಅಪಾಯ, ಅದನ್ನು ದೊಡ್ಡವರೇ ಹಾಕಿ.

ಎರಿಯಲ್ಲಿ ಬಿಳಿ ಹರಳು ಸಿಕ್ಕರೆ ಬಿಸಾಡಬೇಡಿ. ಮೇಲೆ ನಿಂಬೆರಸ ಹಿಂಡಿ. ಸಣ್ಣಗೆ ಬುರುಗು ಎದ್ದರೆ ಅದು ಸುಣ್ಣದ ಹರಳು, ಬರುತ್ತಿರುವುದು ಇಂಗಾಲದ ಡೈಆಕ್ಸೈಡ್. ಮಳೆ ಕಡಿಮೆ ಇರುವ ಬಾಗೇವಾಡಿಯಲ್ಲಿ ಸುಣ್ಣ ಮಣ್ಣಲ್ಲೇ ಉಳಿಯುತ್ತದೆ. ಕುಮಟಾದಲ್ಲಿ ಮಳೆ ತೊಳೆದುಬಿಡುತ್ತದೆ, ಮಣ್ಣು ಹುಳಿಯಾಗುತ್ತದೆ. ಅದಕ್ಕೇ ಕರಾವಳಿ, ಮಲೆನಾಡಿನವರು ತೋಟಕ್ಕೆ ಸುಣ್ಣ ಹಾಕುವುದು.

ಮಣ್ಣಿನಲ್ಲಿ ಯಾರಿದ್ದಾರೆ

ಇದಕ್ಕೆ ಒಣ ಮಣ್ಣು ಬೇಡ. ಮಾವಿನ ಮರದಡಿಯ ಕೊಳೆತ ಎಲೆ ಮತ್ತು ಅದರ ಕೆಳಗಿನ ಹಸಿ ಮಣ್ಣು ಎರಡು ಬೊಗಸೆ ತನ್ನಿ. ಎರಡು ಲೀಟರಿನ ಬಾಟಲಿಯನ್ನು ಭುಜದ ಹತ್ತಿರ ಕತ್ತರಿಸಿ. ಮೇಲಿನ ತುಂಡನ್ನು ತಲೆಕೆಳಗು ಮಾಡಿ ಕೆಳಗಿನದರಲ್ಲಿ ಕೂರಿಸಿ. ಕುತ್ತಿಗೆಗೆ ಈರುಳ್ಳಿ ಚೀಲದ ಬಲೆ ಹಾಕಿ, ಮೇಲೆ ಎಲೆಮಣ್ಣು ಸಡಿಲವಾಗಿ ತುಂಬಿ. ಕೆಳಗೆ ಒದ್ದೆ ಮಾಡಿದ ಬಿಳಿ ಕಾಗದ ಇಡಿ. ಒಂದು ಗೇಣು ಮೇಲೆ 40 ವ್ಯಾಟಿನ ಹಳೇ ಹಳದಿ ಬಲ್ಬು. ಎಲ್‌ಇಡಿ ನಡೆಯುವುದಿಲ್ಲ, ಅದಕ್ಕೆ ಕಾವಿಲ್ಲ. ನಾನು ಒಂದಿಡೀ ದಿನ ಎಲ್‌ಇಡಿ ಹಚ್ಚಿ ಕಾಯುತ್ತಾ ಕೂತಿದ್ದೆ! ಮನೆಯಲ್ಲಿ ಯಾರಾದರೂ ಎಚ್ಚರ ಇದ್ದಾಗ ಮಾತ್ರ ಬಲ್ಬು ಹಚ್ಚಿ, ಒಣ ಎಲೆ ಬೇಗ ಹತ್ತಿಕೊಳ್ಳುತ್ತದೆ.

ಮೇಲಿನಿಂದ ಒಣಗುತ್ತಾ ಬಂದ ಹಾಗೆ ಹುಳುಗಳು ತಂಪು, ಕತ್ತಲು ಹುಡುಕಿ ಕೆಳಗಿಳಿಯುತ್ತವೆ. ಒಂದೆರಡು ದಿನದಲ್ಲಿ ಕಾಗದದ ಮೇಲೆ ಬೀಳುತ್ತವೆ. ಇಟಲಿಯ ಆಂಟೋನಿಯೊ ಬೆರ್ಲೀಸೆ 1905ರಲ್ಲಿ ಇದನ್ನು ಬಿಸಿನೀರಿನ ಕಾವಿನಿಂದ ಮಾಡಿದ. ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಬಲ್ಬು ತಂದ. ನಮಗೆ ಸಿಕ್ಕದ್ದು ನುಸಿ, ಒಂದು ಮರಿ ಜರಿ, ಇರುವೆ, ಮತ್ತೆ ರವೆಯ ಕಾಳಿಗಿಂತ ಸಣ್ಣ ಬಿಳಿ ಹುಳುಗಳು. ಅವನ್ನು ಕಡ್ಡಿಯಿಂದ ಮುಟ್ಟಿದರೆ ಟಣ್ಣನೆ ಹಾರುತ್ತವೆ. ಅವು ಸ್ಪ್ರಿಂಗ್‌ಟೇಲ್. ಹೊಟ್ಟೆಯಡಿ ಮಡಚಿಟ್ಟ ಕವಲು ಬಾಲ ಬಿಟ್ಟರೆ ಚಿಮ್ಮುತ್ತದೆ. ಮೊಬೈಲಿನ ಕ್ಯಾಮೆರಾಕ್ಕೆ ಒಂದು ಭೂತಗನ್ನಡಿ ಹಿಡಿದರೆ ಚೆನ್ನಾಗಿ ಕಾಣುತ್ತವೆ. ನೋಡಿ ಆದ ಮೇಲೆ ಮರದಡಿಗೇ ಬಿಟ್ಟುಬನ್ನಿ.

ಕಣ್ಣಿಗೆ ಕಾಣದವರು ಇನ್ನೂ ಜಾಸ್ತಿ. ಮೊದಲ ಮಳೆಗೆ ಬರುವ ವಾಸನೆಯಲ್ಲಿ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲಿದೆ. ಅದನ್ನು ಮಾಡುವುದು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. ಅಲಸಂದಿ ಗಿಡ ಹೂ ಬಿಡುವಾಗ ಮೆಲ್ಲಗೆ ಕಿತ್ತು ಬೇರು ನೋಡಿ. ಸಣ್ಣ ಗಂಟು ಇರುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ರಕ್ತದ ಹಾಗೆ ಕೆಂಪಿದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತಿದೆ ಎಂದು ಅರ್ಥ. ಬೆಳ್ಳಗೋ ಹಸಿರೋ ಇದ್ದರೆ ಕೆಲಸ ನಡೆಯುತ್ತಿಲ್ಲ.

ಇವರೆಲ್ಲ ಎಷ್ಟು ಚುರುಕು ಎಂದು ತಿಳಿಯಲು ಬನಿಯನ್ನು ಹೂಳಬೇಕು. ಬಿಳಿ ಹತ್ತಿ ಬನಿಯನ್ನನ್ನು ಎರಡು ತುಂಡು ಮಾಡಿ, ಒಂದು ತಿಪ್ಪೆಗೊಬ್ಬರ ಬೀಳುವ ಪಾತಿಯಲ್ಲಿ, ಇನ್ನೊಂದು ಜನ ಓಡಾಡಿ ಗಟ್ಟಿಯಾದ ಅಂಗಳದಲ್ಲಿ, ಗೇಣುದ್ದ ಆಳಕ್ಕೆ ಹೂತು, ಗುರುತಿಗೆ ಕೋಲು ನೆಡಿ. ಮಳೆ ಶುರುವಾಗುವಾಗ ಹೂತರೆ ಎರಡು ತಿಂಗಳಿಗೆ ತೆಗೆಯಬಹುದು. ಹತ್ತಿ ಅಂದರೆ ಸೆಲ್ಯುಲೋಸ್, ಬೂಷ್ಟು ಬ್ಯಾಕ್ಟೀರಿಯಾಗಳಿಗೆ ಊಟ. ಮೊದಲ ವರ್ಷ ನಾನು ಹೂತದ್ದು ಎರಡು ತಿಂಗಳಾದರೂ ಹೊಸದರ ಹಾಗೇ ಬಂತು. "ಒಗೆದು ಹಾಕ್ಕೋರಿ ಮತ್ತ" ಎಂದು ಮನೆಯವಳು ನಕ್ಕಳು. ಲೇಬಲ್ ಓದಿದರೆ ಪಾಲಿಯೆಸ್ಟರ್ ಮಿಶ್ರ. ನೂರಕ್ಕೆ ನೂರು ಹತ್ತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎರಡನೇ ವರ್ಷ ಇನ್ನೊಂದು ತೊಡಕು. ರಜೆ ಇದೆ ಎಂದು ಪಂಚಮಿ ದಿನವೇ ಸಲಿಕೆ ಹಿಡಿದು ಹೊರಟೆ. "ಪಂಚಮಿ ದಿನ ನೆಲ ಅಗೀತಾರೇನ್ರೀ?" ಎಂದು ಅವಳು ಸಲಿಕೆ ಕಸಿದಳು. ನಾಗಪ್ಪನ ಹಬ್ಬದ ದಿನ ನೆಲ ಅಗೆಯುವುದಿಲ್ಲ. ಮಾರನೇ ದಿನ ತೆಗೆದೆವು. ಪಾತಿಯದರಲ್ಲಿ ಉಳಿದದ್ದು ಹೊಲಿಗೆಯ ದಾರ ಮತ್ತು ಲೇಬಲ್ ಮಾತ್ರ. ಅಂಗಳದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ತೂತು, ಆದರೆ ಎಳೆದರೆ ಹರಿಯಲಿಲ್ಲ. ಒಂದೇ ಮನೆಯ ಮಣ್ಣು, ಹತ್ತು ಹೆಜ್ಜೆ ದೂರ. ಗಟ್ಟಿ ನೆಲದಲ್ಲಿ ಗಾಳಿ ಆಡುವುದಿಲ್ಲ, ಕೊಳೆಯಿಸುವವರಿಗೆ ಉಸಿರು ಕಟ್ಟುತ್ತದೆ.

ಕೊನೆಗೆ ಸೀಸೆ ತೊಳೆಯುವ ಕೆಲಸ. ಸಿಂಕಿಗೆ ಸುರಿಯಬೇಡಿ. ಎರಿ ಪೈಪಿನ ಬಾಗಿನಲ್ಲಿ ಕೂತು ಸಿಮೆಂಟಿನ ಹಾಗೆ ಹಿಡಿಯುತ್ತದೆ. ನಮ್ಮಲ್ಲಿ ಪೈಪು ಬಿಚ್ಚಿಸಬೇಕಾಯಿತು. ಸೋಡಾ ಬೆರೆತದ್ದನ್ನು ಗಿಡದ ಬುಡಕ್ಕೂ ಹಾಕಬೇಡಿ. ತಿಳಿನೀರು ಗಟಾರಕ್ಕೆ ಬಸಿದು, ಕೆಸರನ್ನು ಹಳೇ ಪೇಪರಿನ ಮೇಲೆ ಒಣಗಿಸಿ, ಗಿಡ ಇಲ್ಲದ ಮೂಲೆಗೆ ಹಾಕಿ. ಸೋಡಾ ಬೆರೆಯದೆ ಉಳಿದ ಎರಿಯನ್ನು ಮಾತ್ರ ಡಬ್ಬಿ ಕಟ್ಟಿ ಹೆಸರು ಬರೆದು ಎತ್ತಿಡಿ, ಬರುವ ಅಮಾವಾಸ್ಯೆಗೆ ಎತ್ತು ಮಾಡಬೇಕಲ್ಲ.